ಹಳೆಯ ಜಾವಾ ಗಾಡಿಯ ಕಾರ್ಬ್ಯುರೇಟರು

ಯಾದವಗಿರಿಯಲ್ಲಿ ಆಕಾಶವಾಣಿಯ ಕಟ್ಟಡವಿದೆ. ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯೂ ಇತ್ತು. ಒಂದರಿಂದ ಮೈಸೂರಿನ ಮನೆಗಳಿಗೆ ಹಾಡು, ನಾಟಕ, ಭಾಷಣಗಳು ಬಂದವು. ಇನ್ನೊಂದರಿಂದ ಮೈಸೂರಿನ ಬೀದಿಗಳಿಗೆ ಮೋಟಾರ್ ಸೈಕಲ್ಲುಗಳು ಬಂದವು. ೧೯೬೦ರಲ್ಲಿ ಇರಾನಿ ಕುಟುಂಬದವರು ಇಲ್ಲಿ ಸಂಸ್ಥೆಯನ್ನು ಕಟ್ಟಿದರು. ೧೯೬೧ರಿಂದ ಗಾಡಿಗಳು ಹೊರಬೀಳತೊಡಗಿದವು. ಮೂಲ ಜಾವಾ ಚೆಕೊಸ್ಲೊವಾಕಿಯದ್ದು. ೧೯೨೯ರಲ್ಲಿ ಯಾನೆಚೆಕ್ ಎಂಬ ತಂತ್ರಜ್ಞನು ಜರ್ಮನಿಯ ವಾಂಡರರ್ ಸಂಸ್ಥೆಯಿಂದ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲ ತುಣುಕಿಗೆ ಆ ಸಂಸ್ಥೆಯ ಹೆಸರಿನ ಮೊದಲ ತುಣುಕನ್ನು ಸೇರಿಸಿ ಈ ಹೆಸರನ್ನಿಟ್ಟನು. ಯಾವ ವ್ಯಾಕರಣದ ಸಮಾಸಕ್ಕೂ ಇದು ಒಗ್ಗದು. ಆದರೂ ನಮ್ಮೂರಿನ ನಾಲಗೆಗೆ ಚೆನ್ನಾಗಿ ಒಗ್ಗಿತು. ೧೯೭೩ರಲ್ಲಿ ಹೆಸರು ಯೆಜ್ಡಿ ಎಂದಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಗಾಡಿಗಳು ಪೂರ್ತಿ ನಿಂತುಹೋಗಲಿಲ್ಲ. ಅಗ್ರಹಾರದಲ್ಲಿ, ಒಂಟಿಕೊಪ್ಪಲಿನಲ್ಲಿ, ಸರಸ್ವತೀಪುರದಲ್ಲಿ ಎಷ್ಟೋ ಮನೆಗಳ ಜಗಲಿಯ ಪಕ್ಕದಲ್ಲಿ ಗೋಣಿತಾಟು ಹೊದ್ದುಕೊಂಡು ಒಂದು ಜಾವಾ ಇಂದಿಗೂ ಕುಳಿತಿರುತ್ತದೆ. ತಂದೆ ಓಡಿಸಿದ ಗಾಡಿ; ಗುಜರಿಗೆ ಹಾಕಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಒಂದು ದಿನ ಮಗನೋ ಮೊಮ್ಮಗಳೋ ಗೋಣಿತಾಟನ್ನು ತೆಗೆದು, ಟ್ಯಾಂಕಿಗೆ ಎರಡು ಲೀಟರು ಪೆಟ್ರೋಲು ಸುರಿದು, ಒದೆಯುತ್ತಾರೆ. ಗಾಡಿ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಇಲ್ಲವೆ ಬೀದಿಯೆಲ್ಲ ಹೊಗೆ ತುಂಬುತ್ತದೆ. ಇಲ್ಲವೆ ಚೆನ್ನಾಗಿಯೇ ಹೊರಟು, ಹತ್ತು ಮೈಲಿ ಹೋದ ಮೇಲೆ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಕೊಂಡು ಸವಾರನನ್ನು ಕೆಡವುತ್ತದೆ. ಮೂರಕ್ಕೂ ಬಹುಮಟ್ಟಿಗೆ ಒಂದೇ ಅವಯವ ಕಾರಣವಿರಬಹುದು. ಅದು ಕಾರ್ಬ್ಯುರೇಟರು. ಮೆಕ್ಯಾನಿಕ್ಕುಗಳು ಇದನ್ನು ಕಾರ್ಬೋರೇಟರ್ ಎನ್ನುವುದೂ ಉಂಟು. ಕನ್ನಡದಲ್ಲಿ ಒಂದು ಪದವನ್ನು ಟಂಕಿಸಬಹುದಿತ್ತು. ಆದರೆ ಅಂಗಡಿಯಲ್ಲಿ ಆ ಪದ ಹೇಳಿದರೆ ಸಾಮಾನು ಸಿಕ್ಕುವುದಿಲ್ಲ. ಇದ್ದ ಪದವೇ ಇರಲಿ.

ಕಾರ್ಬ್ಯುರೇಟರಿನ ಕೆಲಸವೆಂದರೆ ಪೆಟ್ರೋಲನ್ನೂ ಗಾಳಿಯನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಇಂಜಿನ್ನಿಗೆ ಒದಗಿಸುವುದು. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಹದಿನಾಲ್ಕೂಮುಕ್ಕಾಲು ಗ್ರಾಂನಷ್ಟು ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಇದು ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಗಾತ್ರದ ಲೆಕ್ಕಕ್ಕೆ ತನ್ನಿ: ಮೈಸೂರಿನ ಹವೆಯಲ್ಲಿ ಒಂದು ಲೀಟರು ಪೆಟ್ರೋಲಿಗೆ ಸುಮಾರು ೧೦,೦೦೦ ಲೀಟರು ಗಾಳಿ ಬೇಕಾಗುತ್ತದೆ. ಸಾಧಾರಣ ಮನೆಯ ನೀರಿನ ತೊಟ್ಟಿ ಸಾವಿರ ಲೀಟರಿನದು. ಅಂಥ ಹತ್ತು ತೊಟ್ಟಿ ತುಂಬುವಷ್ಟು ಗಾಳಿ, ಒಂದು ಸೀಸೆ ಪೆಟ್ರೋಲಿಗೆ! ಇಷ್ಟನ್ನೂ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಲೋಹದ ತುಂಡು, ಬ್ಯಾಟರಿಯ ಬಲವಿಲ್ಲದೆ, ಲೆಕ್ಕ ತಪ್ಪದೆ ಬೆರೆಸಬೇಕು.

ಹೇಗೆ ಬೆರೆಸುತ್ತದೆ? ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪು ನಿಮ್ಮ ನೆನಪಿನಲ್ಲಿದ್ದರೆ ಅರ್ಧ ಪಾಠ ಮುಗಿದಂತೆ. ಕೊಳವೆಯ ಹಿಡಿಯನ್ನು ತಳ್ಳಿದಾಗ ಗಾಳಿ ರಭಸದಿಂದ ಡಬ್ಬಿಯ ಸಣ್ಣ ನಳಿಗೆಯ ತುದಿಯ ಮೇಲೆ ಹಾಯುತ್ತದೆ. ಅಲ್ಲಿ ಒತ್ತಡ ತಗ್ಗುತ್ತದೆ. ಡಬ್ಬಿಯೊಳಗಿನ ಔಷಧಿ ತಾನಾಗಿ ಮೇಲೇರಿ ತುಂತುರಾಗಿ ಹಾರುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕಡಮೆ ಎಂಬ ತತ್ತ್ವವನ್ನು ಬರ್ನೂಲಿ ೧೭೩೮ರಲ್ಲಿ ವಿವರಿಸಿದನು. ನಡು ಸಣ್ಣಗಿರುವ ಕೊಳವೆಯಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ಇಟಲಿಯ ವೆಂಚುರಿ ೧೭೯೭ರಲ್ಲಿ ಪ್ರಕಟಿಸಿದನು. ಕಾರ್ಬ್ಯುರೇಟರಿನ ಗಂಟಲಿಗೆ ಇಂದಿಗೂ ವೆಂಚುರಿ ಎಂದೇ ಹೆಸರು. ಮೊಟ್ಟಮೊದಲ ಮೋಟಾರು ಬಂಡಿಗಳಲ್ಲಿ ಪೆಟ್ರೋಲಿನ ಮೇಲ್ಮೈಯಿಂದೇಳುವ ಆವಿಯನ್ನೇ ಗಾಳಿಗೆ ಸೇರಿಸುತ್ತಿದ್ದರು. ತುಂತುರು ಚಿಮ್ಮಿಸುವ ಬಗೆಯನ್ನು ಜರ್ಮನಿಯ ಮೇಬಾಕ್ ೧೮೯೩ರಲ್ಲಿ ರೂಪಿಸಿದನು. ಅದೇ ವರ್ಷ ಹಂಗೆರಿಯ ಇಬ್ಬರು, ಬಾಂಕಿ ಮತ್ತು ಚೊಂಕಾ ಎಂಬವರು, ಅದೇ ದಾರಿಯನ್ನು ಬೇರೆಯಾಗಿ ಹಿಡಿದಿದ್ದರು.

ಜಾವಾ ಗಾಡಿಯಲ್ಲಿದ್ದದ್ದು ಚೆಕ್ ವಿನ್ಯಾಸದ ಜಿಕೊವ್ ಕಾರ್ಬ್ಯುರೇಟರು. ಅದರೊಳಗೆ ಮುಖ್ಯವಾದವು ನಾಲ್ಕೈದು ಅಂಗಗಳು. ಒಂದು, ಪೆಟ್ರೋಲು ನಿಲ್ಲುವ ಪುಟ್ಟ ಕೋಣೆ. ಅದರಲ್ಲಿ ಫ್ಲೋಟು ಎಂಬ ಟೊಳ್ಳು ಬುರುಡೆ ತೇಲುತ್ತದೆ. ಪೆಟ್ರೋಲು ಏರಿದಂತೆ ಬುರುಡೆಯೂ ಏರಿ, ಒಂದು ಸೂಜಿಯನ್ನು ಒತ್ತಿ, ಬರುವ ದಾರಿಯನ್ನು ಮುಚ್ಚುತ್ತದೆ. ನಮ್ಮ ಮನೆಯ ತಾರಸಿಯ ತೊಟ್ಟಿಯಲ್ಲಿ ನೀರು ತುಂಬಿದೊಡನೆ ನಲ್ಲಿ ನಿಲ್ಲಿಸುವ ಚೆಂಡಿನ ಕೆಲಸವೇ ಇದು. ಎರಡು, ಆ ಕೋಣೆಯಿಂದ ಪೆಟ್ರೋಲು ಹೊರಡುವ ಹಿತ್ತಾಳೆಯ ತೂತುಬಿಲ್ಲೆ, ಅಂದರೆ ಮೇನ್ ಜೆಟ್. ಮೂರು, ಎಕ್ಸಲರೇಟರ್ ತಿರುಗಿಸಿದಾಗ ಮೇಲೇರಿ ಗಾಳಿಗೆ ದಾರಿ ಬಿಡುವ ಸ್ಲೈಡು. ನಾಲ್ಕು, ಸ್ಲೈಡಿನಿಂದ ಕೆಳಗಿಳಿದು ಜೆಟ್ಟಿನ ಮೇಲಣ ನಳಿಗೆಯಲ್ಲಿ ಆಡುವ, ತುದಿ ಸಣ್ಣಗಾಗುತ್ತ ಹೋಗುವ ನೀಡಲ್. ಐದು, ಗಾಡಿ ನಿಂತಲ್ಲೇ ಉಸಿರಾಡುತ್ತಿರುವಾಗ ಬೇಕಾಗುವ ಅಲ್ಪಾಹಾರಕ್ಕೆ ಬೇರೆಯೇ ಒಂದು ಸಣ್ಣ ಜೆಟ್, ಮತ್ತು ಅದರ ಗಾಳಿಯನ್ನು ಹೆಚ್ಚುಕಡಮೆ ಮಾಡುವ ಒಂದು ತಿರುಪು. ಇಷ್ಟು ತಿಳಿದರೆ ಸಾಕು, ಬಿಚ್ಚಿದ್ದನ್ನು ಮತ್ತೆ ಜೋಡಿಸಬಹುದು.

ಇನ್ನು ಕೆಡವುವ ವಿಷಯ. ಜಾವಾ ೨೫೦ರದು ಒಂದೇ ಸಿಲಿಂಡರಿನ, ಎರಡು ಹೊಗೆಕೊಳವೆಯ, ಟೂ-ಸ್ಟ್ರೋಕ್ ಇಂಜಿನ್ನು. ಕಾರಿನಲ್ಲಿರುವಂತೆ ಇದರ ಪಿಸ್ಟನ್ನಿಗೆ ಎಣ್ಣೆಯುಣಿಸಲು ಬೇರೆ ಏರ್ಪಾಡಿಲ್ಲ. ಪೆಟ್ರೋಲಿನಲ್ಲಿ ಕಲಸಿದ ಎಣ್ಣೆಯೇ ಅದಕ್ಕೆ ಗತಿ. ಹೀಗಾಗಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕಡಮೆಯಾದರೆ ಎರಡು ಕೇಡು ಒಟ್ಟಿಗೆ ಬರುತ್ತವೆ. ಮಿಶ್ರಣ ತೆಳುವಾಗಿ ಇಂಜಿನ್ನು ಕಾಯುತ್ತದೆ. ಅದೇ ಹೊತ್ತಿಗೆ ಎಣ್ಣೆಯೂ ಕಡಮೆಯಾಗುತ್ತದೆ. ಕಾದ ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದನ್ನೇ ಮೆಕ್ಯಾನಿಕ್ಕುಗಳು ಪಿಸ್ಟನ್ ಸೀಜ್ ಆಯಿತು ಎನ್ನುವುದು. ಓಟದಲ್ಲಿ ಹೀಗಾದರೆ ಹಿಂದಿನ ಚಕ್ರ ತಿರುಗುವುದಿಲ್ಲ. ಆ ಕ್ಷಣದಲ್ಲಿ ಎಡಗೈ ಕ್ಲಚ್ಚನ್ನು ಹಿಡಿದರೆ ಉಳಿದಿರಿ. ಪೆಟ್ರೋಲು ಹೆಚ್ಚಾದರೆ ಹೊಗೆ, ಖರ್ಚು, ಕಪ್ಪಾದ ಪ್ಲಗ್ಗು, ನೆರೆಹೊರೆಯವರ ಗೊಣಗಾಟ, ಅಷ್ಟೆ. ಕಡಮೆಯಾದರೆ ಕಾಲುಮೂಳೆಯ ಪ್ರಶ್ನೆ. ಟೂ-ಸ್ಟ್ರೋಕ್ ಗಾಡಿಯನ್ನು ಹದಗೊಳಿಸುವವರು ಸಂಶಯ ಬಂದಾಗಲೆಲ್ಲ ಪೆಟ್ರೋಲಿನ ಕಡೆಗೆ ವಾಲಬೇಕೇ ಹೊರತು ಗಾಳಿಯ ಕಡೆಗಲ್ಲ.

ಈ ಅಪಾಯ ಈಚೆಗೆ ಸ್ವಲ್ಪ ಹೆಚ್ಚಿದೆ ಎನ್ನಬೇಕು. ಈ ಗಾಡಿಗಳು ಹುಟ್ಟಿದ ಕಾಲದ ಪೆಟ್ರೋಲು ಈಗಿನದಲ್ಲ. ಸೀಸ ಬೆರೆತ ಪೆಟ್ರೋಲು ೨೦೦೦ದಲ್ಲಿ ದೇಶದಲ್ಲೆಲ್ಲ ನಿಂತಿತು. ೨೦೨೫ರ ಹೊತ್ತಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್, ಅಂದರೆ ಕಬ್ಬು ಧಾನ್ಯಗಳಿಂದ ತೆಗೆದ ಮದ್ಯಸಾರ, ಬೆರೆತ ಪೆಟ್ರೋಲು ಬಳಕೆಗೆ ಬಂದಿತು. ದೇಶದ ಹಣ ಹೊರಗೆ ಹೋಗುವುದು ತಗ್ಗುತ್ತದೆ, ರೈತನ ಬೆಳೆಗೆ ಗಿರಾಕಿ ಸಿಕ್ಕುತ್ತದೆ ಎಂಬ ವಾದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಕಾರ್ಬ್ಯುರೇಟರಿಗೆ ಅರ್ಥಶಾಸ್ತ್ರ ತಿಳಿಯದು. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಅದಕ್ಕೆ ಬೇಕಾಗುವ ಗಾಳಿ ಕಡಮೆ: ಒಂದು ಗ್ರಾಮಿಗೆ ಒಂಬತ್ತು ಗ್ರಾಂ ಮಾತ್ರ. ಇಪ್ಪತ್ತರ ಮಿಶ್ರಣಕ್ಕೆ ಲೆಕ್ಕ ಹಾಕಿದರೆ ಹದಿಮೂರೂವರೆ ಗ್ರಾಂ ಬರುತ್ತದೆ. ಹಳೆಯ ಜೆಟ್ಟು ಹಳೆಯ ಲೆಕ್ಕದಲ್ಲೇ ಪೆಟ್ರೋಲು ಬಿಡುತ್ತದೆ. ಹೊಸ ಪೆಟ್ರೋಲಿಗೆ ಅದು ನೂರಕ್ಕೆ ಎಂಟರಷ್ಟು ಕಡಮೆಯಾದಂತೆ. ಹಿಂದೆ ಧಾರಾಳವಾಗಿ ಹದಗೊಳಿಸಿದ್ದ ಗಾಡಿ ಇದನ್ನು ತಾಳಿಕೊಂಡೀತು. ಮೈಲೇಜಿನ ಆಸೆಗೆ ಬಿಗಿಹಿಡಿದು ಹದಗೊಳಿಸಿದ್ದ ಗಾಡಿ ತಾಳದು.

ಎಥನಾಲಿನ ಎರಡನೆಯ ಗುಣ, ನೀರನ್ನು ಹೀರಿಕೊಳ್ಳುವುದು. ಒಂದು ಮಿತಿಯವರೆಗೆ ಹೀರಿ ತನ್ನೊಳಗಿಟ್ಟುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಕಲಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ಕಾರ್ಬ್ಯುರೇಟರಿಗೆ ಮೊದಲು ಹರಿಯುವುದು ತಳದ್ದು. ಮಳೆಗಾಲವೆಲ್ಲ ನಿಂತ ಗಾಡಿಯನ್ನು ದಸರೆಗೆ ತೆಗೆದಾಗ ಏನಾಗುತ್ತದೆಂಬುದನ್ನು ಇನ್ನು ವಿವರಿಸಬೇಕಾಗಿಲ್ಲ. ಮೂರನೆಯದು, ಹಳೆಯ ರಬ್ಬರು ಕೊಳವೆ, ಪ್ಯಾಕಿಂಗುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಸತುವಿನ ಮಿಶ್ರಲೋಹದ ಕೋಣೆಯಲ್ಲಿ ತೇವದೊಡನೆ ಸೇರಿ ಬಿಳಿಯ ಪುಡಿಯನ್ನೆಬ್ಬಿಸುತ್ತದೆ. ಹಳೆಯ ಕಾರ್ಬ್ಯುರೇಟರನ್ನು ಬಿಚ್ಚಿದರೆ ಸುಣ್ಣದಂತೆ ಕಾಣುವ ಪುಡಿ ಇದೇ. ಆದ್ದರಿಂದ ಬಿಚ್ಚಿ ತೊಳೆಯುವುದು ಈಗ ಶೋಕಿಯ ಮಾತಲ್ಲ.

ಬಿಚ್ಚುವ ಮುನ್ನ ಒಂದು ಪರೀಕ್ಷೆ. ಗಾಡಿ ಹೊರಡದಿದ್ದರೆ ತಪ್ಪು ಕಾರ್ಬ್ಯುರೇಟರಿನದೆಂದೇ ತಿಳಿಯಬೇಡಿ, ಕಿಡಿಯೇ ಇಲ್ಲದಿರಬಹುದು. ಇದಕ್ಕೆ ರೇಡಿಯೋ ಇರುವ ಮನೆಯವರಿಗೆ ಒಂದು ಅನುಕೂಲವುಂಟು. ಮೀಡಿಯಂ ವೇವ್ ಹಿಡಿಯುವ ಸಣ್ಣ ಟ್ರಾನ್ಸಿಸ್ಟರನ್ನು ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ತಿರುಗಿಸಿ ಗಾಡಿಯ ಹತ್ತಿರ ಹಿಡಿಯಿರಿ, ಇನ್ನೊಬ್ಬರು ಒದೆಯಲಿ. ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೋ ಟಿಕ್ಕೆನ್ನುತ್ತದೆ, ಏಕೆಂದರೆ ಕಿಡಿಯೆಂಬುದು ತಾನೇ ಒಂದು ಪುಟ್ಟ ಪ್ರಸಾರಕೇಂದ್ರ. ಹಿಂದೆ ವಾರ್ತೆ ಕೇಳುತ್ತಿರುವಾಗ ಬೀದಿಯಲ್ಲಿ ಮೋಟಾರ್ ಸೈಕಲ್ಲು ಹೋದರೆ ಮನೆಯ ಹಿರಿಯರು ಮುಖ ಸಿಂಡರಿಸುತ್ತಿದ್ದುದು ಇದರಿಂದಲೇ. ಟಿಕ್ ಶಬ್ದ ಕೇಳಿದರೆ ಕಿಡಿಯ ಏರ್ಪಾಡು ಕೆಲಸ ಮಾಡುತ್ತಿದೆಯೆಂದು ತಿಳಿಯಬಹುದು. ಇನ್ನು ಟ್ಯಾಂಕಿನ ತಳ, ಪೆಟ್ರೋಲ್ ಕಾಕು, ಕೊಳವೆ ಇವುಗಳನ್ನು ನೋಡಿ. ಟ್ಯಾಂಕಿನಲ್ಲಿ ತುಕ್ಕನ್ನಿಟ್ಟುಕೊಂಡು ಕಾರ್ಬ್ಯುರೇಟರನ್ನು ತೊಳೆಯುವುದು ಕೆಸರುಗಾಲಿನಲ್ಲಿ ನಡುಮನೆ ಸಾರಿಸಿದಂತೆ.

ಕೆಲಸಕ್ಕೆ ಹಿತ್ತಿಲೋ ಅಂಗಳವೋ ಆಗಬೇಕು. ಅಡುಗೆಮನೆಯ ಪಕ್ಕ, ದೇವರ ದೀಪದ ಪಕ್ಕ, ಗ್ಯಾಸಿನ ಗೀಸರಿನ ಪಕ್ಕ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಉರಿಯನ್ನು ಹುಡುಕಿಕೊಂಡು ಹೋಗುತ್ತದೆ. ಇದೊಂದು ಎಚ್ಚರಿಕೆಗೆ ವಿನಾಯಿತಿಯಿಲ್ಲ. ಕಾಕು ಮುಚ್ಚಿ, ಹಳೆಯ ಮಾದರಿಯ ಜಾವಾದಲ್ಲಾದರೆ ಕಾರ್ಬ್ಯುರೇಟರನ್ನು ಮರೆಮಾಡಿದ ತಗಡಿನ ಹೊದಿಕೆಯನ್ನು ತೆಗೆದು, ಕೇಬಲ್ಲಿನೊಡನೆ ಸ್ಲೈಡನ್ನು ಮೇಲಕ್ಕೆಳೆದು, ಉಳಿದದ್ದನ್ನು ಇಂಜಿನ್ನಿನಿಂದ ಬಿಡಿಸಿ. ಒಂದು ಅಗಲವಾದ ಬೋಗುಣಿಯ ಮೇಲೆ ಬಿಚ್ಚಿದರೆ ಜಾರಿದ ತಿರುಪು ಚರಂಡಿ ಸೇರುವುದಿಲ್ಲ. ಬಿಚ್ಚಿದ ಅಂಗಗಳನ್ನು ಬಿಳಿಯ ಹಳೆಯ ಪಂಚೆಯ ಮೇಲೆ, ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇಡಿ. ಹಿಂದಿನವರು ಕಾಗದದ ಮೇಲೆ ಚಿತ್ರ ಬರೆದುಕೊಳ್ಳುತ್ತಿದ್ದರು. ಈಗ ಕೈಯಲ್ಲಿರುವ ಫೋನಿನಿಂದ ಒಂದೊಂದು ಹಂತಕ್ಕೂ ಒಂದು ಚಿತ್ರ ತೆಗೆದಿಟ್ಟರಾಯಿತು. ನೀಡಲ್ಲಿನ ತಲೆಯಲ್ಲಿ ಕೆಲವು ಗೀರುಗಳಿದ್ದು ಒಂದರಲ್ಲಿ ಕ್ಲಿಪ್ಪು ಕುಳಿತಿರುತ್ತದೆ. ಎಷ್ಟನೆಯ ಗೀರೆಂಬುದನ್ನು ಬರೆದಿಡಿ. ಗಾಳಿ ತಿರುಪನ್ನು ತೆಗೆಯುವ ಮುನ್ನ ಮೆತ್ತಗೆ ಒಳಕ್ಕೆ ತಿರುಗಿಸುತ್ತ, ಕುಳಿತುಕೊಳ್ಳಲು ಎಷ್ಟು ಸುತ್ತಾಯಿತೆಂದು ಎಣಿಸಿ, ಅದನ್ನೂ ಬರೆದಿಡಿ.

ತೊಳೆಯಲು ಸೀಮೆಎಣ್ಣೆ ಸಾಕಾಗುತ್ತಿತ್ತು. ಅದು ಸಿಕ್ಕದ ಕಡೆ ಅಂಗಡಿಯಲ್ಲಿ ಸಿಕ್ಕುವ ಕಾರ್ಬ್ಯುರೇಟರ್ ಕ್ಲೀನರ್ ತುಂತುರು ಆಗುತ್ತದೆ. ಅದನ್ನು ಹೊಡೆಯುವಾಗ ಕಣ್ಣಿಗೆ ಕನ್ನಡಕವಿರಲಿ, ಏಕೆಂದರೆ ಒಂದು ತೂತಿನಲ್ಲಿ ಹೊಡೆದದ್ದು ನೀವು ಎಣಿಸದ ಇನ್ನೊಂದು ತೂತಿನಿಂದ ನೇರವಾಗಿ ಮುಖಕ್ಕೆ ಬರುತ್ತದೆ. ಹಾಗೆ ಬಂದರೆ ದಾರಿ ತೆರೆದಿದೆಯೆಂಬ ಸಂತೋಷವೂ ಉಂಟು. ಇಲ್ಲಿ ಗೃಹಿಣಿಯರ ಒಂದು ವಿದ್ಯೆಯನ್ನು ತಡೆಯಬೇಕಾಗಿದೆ. ಹಿತ್ತಾಳೆಯ ಪಾತ್ರೆ ಬೆಳಗುವ ಹುಣಿಸೆಹಣ್ಣು ಹಿತ್ತಾಳೆಯ ಜೆಟ್ಟಿಗೂ ಒಳ್ಳೆಯದಲ್ಲವೆ ಎಂದು ತೋರುವುದು ಸಹಜ. ಆದರೆ ಕಾರ್ಬ್ಯುರೇಟರಿನ ಮೈ ಹಿತ್ತಾಳೆಯಲ್ಲ, ಸತುವಿನ ಮಿಶ್ರಲೋಹ. ಹುಳಿ ಅದನ್ನು ತಿನ್ನುತ್ತದೆ. ಹುಣಿಸೆ, ನಿಂಬೆ ಎರಡನ್ನೂ ದೂರವಿಡಿ.

ಜೆಟ್ಟಿನ ತೂತಿಗೆ ಪಿನ್ನು, ಸೂಜಿ, ತಂತಿ ಹಾಕಬಾರದು ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ಹಾಕುತ್ತಾರೆ. ಏಕೆ ಬಾರದೆಂಬುದನ್ನು ಲೆಕ್ಕದಲ್ಲಿ ನೋಡೋಣ. ಉದಾಹರಣೆಗೆ, ತೂತಿನ ವ್ಯಾಸ ೦.೯೦ ಮಿಲಿಮೀಟರು ಇದೆಯೆನ್ನಿ. ಸೇಫ್ಟಿ ಪಿನ್ನಿನಿಂದ ಕೆರೆದು ಅದು ೦.೯೯ ಆಯಿತು. ಹೆಚ್ಚಿದ್ದು ಕೂದಲೆಳೆಯಷ್ಟು. ಆದರೆ ಹರಿಯುವ ಪ್ರಮಾಣ ವ್ಯಾಸವನ್ನಲ್ಲ, ವ್ಯಾಸದ ವರ್ಗವನ್ನು ಅನುಸರಿಸುತ್ತದೆ: ನೂರಕ್ಕೆ ಇಪ್ಪತ್ತೊಂದು ಪಾಲು ಹೆಚ್ಚಿಗೆ ಪೆಟ್ರೋಲು! ಎಂಟನೆಯ ತರಗತಿಯ ಹುಡುಗರಿಗೆ ವರ್ಗದ ಪಾಠ ಬೇಸರವೆನಿಸಿದಾಗ ಈ ಲೆಕ್ಕವನ್ನು ಕೊಟ್ಟರೆ ಕಿವಿ ನೆಟ್ಟಗಾಗುತ್ತದೆಂದು ನಮ್ಮ ಶಾಲೆಯ ಗಣಿತದ ಉಪಾಧ್ಯಾಯರು ಹೇಳುತ್ತಾರೆ. ನೈಲಾನಿನ ಗಾಳದ ದಾರ, ಬ್ರಷ್ಷಿನ ಒಂದು ಎಳೆ, ಸೈಕಲ್ ಪಂಪಿನ ಗಾಳಿ, ಇಷ್ಟೇ ಆಯುಧಗಳು. ಬಗ್ಗದ ಕಸವಿದ್ದರೆ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆಗೆ ಬಿಡುತ್ತದೆ. ಬಿಡದಿದ್ದರೆ ಹೊಸ ಜೆಟ್ಟು ಕೊಳ್ಳಿ.

ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಕುಲುಕಿದರೆ ಪೆಟ್ರೋಲು ಸೇರಿದೆ, ತೂತಿದೆ. ಹಿತ್ತಾಳೆಯದಾದರೆ, ಉರಿಯನ್ನು ಆರಿಸಿ ದೂರ ತಂದ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಎಲ್ಲಿಂದ ಏಳುತ್ತದೋ ಅಲ್ಲಿ ತೂತು. ಬೆಸುಗೆ ಹಾಕುವ ಮೊದಲು ಒಳಗಿನ ಪೆಟ್ರೋಲೂ ಅದರ ಆವಿಯೂ ಪೂರ್ತಿ ಹೋಗಿರಬೇಕು. ಇದನ್ನು ಅನುಭವಸ್ಥರ ಕೈಗೆ ಕೊಡುವುದೇ ಲೇಸು. ಬೆಸುಗೆ ದಪ್ಪವಾದರೆ ಫ್ಲೋಟು ಭಾರವಾಗಿ ಆಳಕ್ಕೆ ಕೂರುತ್ತದೆ. ಸೂಜಿ ತಡವಾಗಿ ಮುಚ್ಚಿ ಪೆಟ್ರೋಲಿನ ಮಟ್ಟ ಏರುತ್ತದೆ. ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ: ಸುತ್ತ ಒಂದು ಉಂಗುರದಂತೆ ಸವೆದಿದ್ದರೆ ಅದು ಇನ್ನು ಸರಿಯಾಗಿ ಮುಚ್ಚುವುದಿಲ್ಲ. ನಿಂತ ಗಾಡಿಯ ಕೆಳಗೆ ಬೆಳಿಗ್ಗೆ ಪೆಟ್ರೋಲಿನ ಹನಿ ಕಾಣುವುದಕ್ಕೆ ಸಾಮಾನ್ಯವಾಗಿ ಈ ಉಂಗುರವೇ ಕಾರಣ.

ಹಳೆಯ ಕೊಳವೆ, ಪ್ಯಾಕಿಂಗುಗಳನ್ನು ಮತ್ತೆ ಹಾಕಬೇಡಿ. ಎಥನಾಲನ್ನು ತಾಳುವ ವೈಟಾನ್ ರಬ್ಬರಿನವು ಈಗ ಸಿಕ್ಕುತ್ತವೆ. ಕಾರ್ಬ್ಯುರೇಟರು ಇಂಜಿನ್ನಿಗೆ ಕೂಡುವ ಜಾಗದ ಪ್ಯಾಕಿಂಗಿನ ಮೇಲೆ ವಿಶೇಷ ಗಮನವಿರಲಿ. ಅಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೆ ಲೆಕ್ಕಕ್ಕೆ ಸಿಕ್ಕದ ಗಾಳಿ ಕಳ್ಳದಾರಿಯಲ್ಲಿ ಒಳಹೊಕ್ಕು, ನೀವು ಏನು ಹದಗೊಳಿಸಿದರೂ ಮಿಶ್ರಣವನ್ನು ತೆಳುಮಾಡುತ್ತದೆ. ನಟ್ಟುಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಎರಡನ್ನೂ ಸ್ವಲ್ಪಸ್ವಲ್ಪವಾಗಿ, ಮಿತವಾಗಿ ಬಿಗಿಯಿರಿ. ಹಳೆಯ ಕಾರ್ಬ್ಯುರೇಟರುಗಳ ಚಾಚುಗಳು ಬಾಗಿರುವುದೆಲ್ಲ ಬಲವಂತರ ಕೈಯಿಂದ.

ಈಗ ಶ್ರುತಿ ಸೇರಿಸುವ ಕೆಲಸ. ಟ್ಯೂನಿಂಗ್ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ನನಗೆ ತೋರದು. ಪೆಟ್ರೋಲಿಗೆ ಕೈಪಿಡಿ ಹೇಳಿದ ಪ್ರಮಾಣದಲ್ಲಿ ಎಣ್ಣೆ ಕಲಸಿ. ಇಪ್ಪತ್ತೈದು ಪಾಲಿಗೆ ಒಂದು ಪಾಲು ಎಂದರೆ ಲೀಟರಿಗೆ ೪೦ ಮಿಲಿಲೀಟರು. ಗಾಡಿ ತಣ್ಣಗಿರುವಾಗ ಕಾರ್ಬ್ಯುರೇಟರಿನ ಮೇಲಣ ಗುಂಡಿಯನ್ನು ಒತ್ತಿ ಪೆಟ್ರೋಲು ಜಿನುಗಿಸಿ, ಗೇರಿನ ಕಡ್ಡಿಯನ್ನೇ ಹಿಂದಕ್ಕೆ ತಿರುಗಿಸಿ ಒದೆಯಿರಿ. ಒಂದೇ ಕಡ್ಡಿಯಿಂದ ಎರಡು ಕೆಲಸ ತೆಗೆಯುವುದು ಜಾವಾದ ಜಾಣತನ. ಇಂಜಿನ್ನು ಚೆನ್ನಾಗಿ ಬೆಚ್ಚಗಾಗುವವರೆಗೆ ಯಾವ ತಿರುಪನ್ನೂ ಮುಟ್ಟಬಾರದು. ತಣ್ಣಗಿದ್ದಾಗ ಸೇರಿಸಿದ ಶ್ರುತಿ ಬಿಸಿಯಾದಾಗ ನಿಲ್ಲುವುದಿಲ್ಲ.

ಮೊದಲು ಸ್ಲೈಡಿನ ತಿರುಪಿನಿಂದ ಇಂಜಿನ್ನು ನಿಲ್ಲದಷ್ಟು ವೇಗವಿಡಿ. ಗಾಳಿ ತಿರುಪನ್ನು ಮೆತ್ತಗೆ ಪೂರ್ತಿ ಮುಚ್ಚಿ ಒಂದೂಕಾಲು ಸುತ್ತು ಬಿಚ್ಚಿಟ್ಟರೆ ಆರಂಭಕ್ಕೆ ಸಾಕು. ಅಲ್ಲಿಂದ ಕಾಲು ಸುತ್ತು ಹೊರಗೆ, ಕಾಲು ಸುತ್ತು ಒಳಗೆ. ಒಂದೊಂದು ಸಲವೂ ಹತ್ತು ಎಣಿಸುವಷ್ಟು ಹೊತ್ತು ಕೇಳಿ. ಒಳಗೆ ಹೋದಂತೆ ಗಾಳಿ ಕಡಮೆಯಾಗಿ ದನಿ ತೊದಲುತ್ತದೆ, ಬಡಿತ ಒಂದು ಬಿಟ್ಟು ಒಂದು ಬಂದಂತೆ ಕೇಳುತ್ತದೆ. ಹೊರಗೆ ಬಂದಂತೆ ದನಿ ಏರಿ, ಚುರುಕಾಗಿ, ಒಂದು ಹಂತದ ಮೇಲೆ ಅಳ್ಳಾಡಿ ನಿಲ್ಲುವಂತಾಗುತ್ತದೆ. ಎಲ್ಲಿ ದನಿ ಅತ್ಯಂತ ಏರಿ ಸ್ಥಿರವಾಗಿದೆಯೋ ಅಲ್ಲಿಂದ ಸ್ವಲ್ಪವೇ, ಅರೆಕಾಲು ಸುತ್ತು, ಒಳಕ್ಕೆ ತಿರುಗಿಸಿ ಬಿಟ್ಟುಬಿಡಿ. ಆಮೇಲೆ ಸ್ಲೈಡಿನ ತಿರುಪಿನಿಂದ ವೇಗವನ್ನು ತಗ್ಗಿಸಿ. ಇಲ್ಲಿ ಯಾವ ಮೀಟರಿಗಿಂತಲೂ ಕಿವಿ ದೊಡ್ಡದು. ತಂಬೂರಿಯ ತಂತಿಯನ್ನು ಷಡ್ಜಕ್ಕೆ ಸೇರಿಸುವವರು ಬಿರಡೆಯನ್ನು ಒಮ್ಮೆಗೆ ಎಷ್ಟು ತಿರುಗಿಸುತ್ತಾರೆ, ಎಷ್ಟು ಹೊತ್ತು ಕೇಳುತ್ತಾರೆ ಎಂಬುದನ್ನು ಕಂಡವರಿಗೆ ಈ ಕೆಲಸ ಹೊಸದೆನಿಸದು. ಎರಡು ತಿರುಪುಗಳನ್ನು ಏಕಕಾಲಕ್ಕೆ ಮುಟ್ಟುವವನಿಗೆ ಯಾವುದರಿಂದ ಏನಾಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಗಾಳಿ ತಿರುಪಿನ ಆಳ್ವಿಕೆ ಎಕ್ಸಲರೇಟರಿನ ಮೊದಲ ಎಂಟನೆಯ ಒಂದು ಭಾಗದವರೆಗೆ ಮಾತ್ರ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಂಚಿನ ಕೊರೆತ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್, ಮುಕ್ಕಾಲಿನ ಮೇಲೆ ಮೇನ್ ಜೆಟ್ಟಿನ ಆಳ್ವಿಕೆ. ಊರೊಳಗೆ ಓಡಿಸುವವರ ಬಾಳೆಲ್ಲ ನೀಡಲ್ಲಿನ ಸೀಮೆಯಲ್ಲಿಯೇ ಕಳೆಯುತ್ತದೆ. ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದರೆ ನೀಡಲ್ ಮೇಲೇರಿ ಪೆಟ್ರೋಲು ಹೆಚ್ಚುತ್ತದೆ. ಹೊಸ ಪೆಟ್ರೋಲಿನ ತೆಳುತನಕ್ಕೆ ಎಷ್ಟೋ ಗಾಡಿಗಳಲ್ಲಿ ಊರೊಳಗಿನ ಓಟಕ್ಕೆ ಈ ಒಂದು ಗೀರೇ ಸಾಕಾಗಬಹುದು. ದೂರದ ಓಟವಿದ್ದರೆ ಮೇನ್ ಜೆಟ್ಟನ್ನೂ ಒಂದು ಅಳತೆ ದೊಡ್ಡದು ಮಾಡಬೇಕಾದೀತು. ಮೇಲೆ ಹೇಳಿದ ವರ್ಗದ ಲೆಕ್ಕದಂತೆ, ನೂರಕ್ಕೆ ಎಂಟು ಪಾಲು ಹೆಚ್ಚಲು ವ್ಯಾಸ ನೂರಕ್ಕೆ ನಾಲ್ಕರಷ್ಟು ಹೆಚ್ಚಿದರೆ ಸಾಕು.

ಸಾಕಾಯಿತೇ ಎಂದು ತಿಳಿಯುವುದೆಂತು? ಮೈಸೂರಿನವರಿಗೆ ಈ ಪರೀಕ್ಷೆಗೆ ದೇವರೇ ಒಂದು ಏರು ಕೊಟ್ಟಿದ್ದಾನೆ. ಬೆಳಗಿನ ಜಾವ ರಸ್ತೆ ಬರಿದಾಗಿರುವಾಗ ಚಾಮುಂಡಿಬೆಟ್ಟದ ದಾರಿ ಹಿಡಿಯಿರಿ. ಏರಿನಲ್ಲಿ ಎಕ್ಸಲರೇಟರನ್ನು ಚೆನ್ನಾಗಿ ಕೊಟ್ಟು ಸ್ವಲ್ಪ ದೂರ ಎಳೆಸಿ, ಹಿಂದೆಮುಂದೆ ಯಾರೂ ಇಲ್ಲದ ಕಡೆ ಕ್ಲಚ್ಚು ಹಿಡಿದು ಕೀಲಿಯನ್ನು ಆರಿಸಿ, ಬದಿಗೆ ನಿಲ್ಲಿಸಿ, ಪ್ಲಗ್ಗನ್ನು ಬಟ್ಟೆ ಹಿಡಿದು ಬಿಚ್ಚಿ ನೋಡಿ. ಪಿಂಗಾಣಿಯ ಮೂತಿ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿದ್ದರೆ ಹದ ಸರಿ. ಡಿಕಾಕ್ಷನ್ನಿನಂತೆ ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಿದ್ದರೆ ಅಲ್ಲಿಂದ ಮುಂದೆ ಏರಬೇಡಿ. ಮೆಲ್ಲಗೆ ಮನೆಗೆ ಬಂದು ಜೆಟ್ಟನ್ನು ದೊಡ್ಡದು ಮಾಡಿ. ಸೀಸವಿಲ್ಲದ ಈಗಿನ ಪೆಟ್ರೋಲಿನಲ್ಲಿ ಬಣ್ಣ ಹಿಂದಿಗಿಂತ ತಿಳಿಯಾಗಿಯೇ ಬರುತ್ತದೆ ಎಂಬುದು ನೆನಪಿರಲಿ. ಹಳೆಯ ಪುಸ್ತಕದ ಗಾಢ ಕಂದನ್ನು ಹುಡುಕುತ್ತ ಕೂರಬೇಕಾಗಿಲ್ಲ.

ಬೆಟ್ಟ ಇಳಿಯುವಾಗಲೂ ಒಂದು ಎಚ್ಚರಿಕೆ. ಪೆಟ್ರೋಲು ಉಳಿಯಲೆಂದು ಎಕ್ಸಲರೇಟರನ್ನು ಪೂರ್ತಿ ಮುಚ್ಚಿ ಗೇರಿನಲ್ಲಿ ಇಳಿದರೆ, ಇಂಜಿನ್ನು ವೇಗವಾಗಿ ತಿರುಗುತ್ತಿದ್ದರೂ ಪೆಟ್ರೋಲಿಲ್ಲ. ಪೆಟ್ರೋಲಿಲ್ಲದೆ ಎಣ್ಣೆಯೂ ಇಲ್ಲ. ಆಗಾಗ ಒಂದಿಷ್ಟು ಎಕ್ಸಲರೇಟರ್ ಕೊಡುತ್ತ ಇಳಿಯಬೇಕು.

ಎತ್ತರ ತಗ್ಗುಗಳ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು ೭೬೦ ಮೀಟರು ಮೇಲಿದೆ. ಇಲ್ಲಿಯ ಗಾಳಿ ಕರಾವಳಿಯದಕ್ಕಿಂತ ನೂರಕ್ಕೆ ಏಳರಷ್ಟು ವಿರಳ. ಊಟಿ ಇರುವುದು ೨,೨೪೦ ಮೀಟರಿನ ಎತ್ತರದಲ್ಲಿ. ಅಲ್ಲಿ ಐದರಲ್ಲೊಂದು ಪಾಲು ಕಡಮೆ. ಇಲ್ಲಿ ಹದವಾಗಿದ್ದ ಗಾಡಿ ಊಟಿಯಲ್ಲಿ ಹೊಗೆಯುಗುಳಿ ತೊದಲಿದರೆ ಗಾಬರಿ ಬೇಡ. ಗಾಳಿ ಕಡಮೆಯಾಗಿ ಪೆಟ್ರೋಲು ಮೇಲಾಗಿದೆ, ಕೆಳಗಿಳ್ದರೆ ಸರಿಹೋಗುತ್ತದೆ. ಅಪಾಯವಿರುವುದು ಇನ್ನೊಂದು ದಿಕ್ಕಿನಲ್ಲಿ. ಮೈಸೂರಿನಲ್ಲಿ ಬಿಗಿಯಾಗಿ ಹದಗೊಳಿಸಿದ ಗಾಡಿಯನ್ನು ಮಡಿಕೇರಿಯ ಮೇಲೆ ಮಂಗಳೂರಿಗೆ ಇಳಿಸಿದರೆ ಅಲ್ಲಿಯ ದಟ್ಟಗಾಳಿಯಲ್ಲಿ ಮಿಶ್ರಣ ತೆಳುವಾಗುತ್ತದೆ. ಹೊರಡುವ ಮುನ್ನ ಕ್ಲಿಪ್ಪನ್ನು ಒಂದು ಗೀರು ಕೆಳಗಿಟ್ಟರೆ ಪೆಟ್ರೋಲಿಗೆ ನಾಲ್ಕು ಕಾಸು ಹೆಚ್ಚಾದೀತು, ಪಿಸ್ಟನ್ನು ಉಳಿದೀತು.

ಅಂಬಾಸಡರೋ ಪದ್ಮಿನಿಯೋ ಮನೆಯಲ್ಲಿರುವವರು ಇಷ್ಟು ಹೊತ್ತು ತಾಳ್ಮೆಯಿಂದ ಓದಿದ್ದರೆ ಅವರಿಗೂ ಎರಡು ಮಾತು. ಪದ್ಮಿನಿಯ ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಸ್ಲೈಡಿನ ಬದಲು ತಿರುಗುವ ತಟ್ಟೆಯಿರುತ್ತದೆ. ತೊಳೆಯುವ ವಿಧಿ, ಜೆಟ್ಟಿನ ವರ್ಗದ ಲೆಕ್ಕ, ಬೆಂಕಿಯ ಎಚ್ಚರಿಕೆ ಎಲ್ಲವೂ ಒಂದೇ. ಆದರೆ ಅದರ ಐಡ್ಲಿಂಗ್ ತಿರುಪು ತಡೆಯುವುದು ಗಾಳಿಯನ್ನಲ್ಲ, ಮಿಶ್ರಣವನ್ನು. ಆದ್ದರಿಂದ ಹೊರಕ್ಕೆ ತಿರುಗಿಸಿದರೆ ಪೆಟ್ರೋಲು ಹೆಚ್ಚುತ್ತದೆ. ಜಾವಾ ಕಲಿತ ಕೈ ಇಲ್ಲಿ ತಿರುವುಮುರುವಾಗಿ ನಡೆಯಬೇಕು. ಕಾರಿನ ಎಣ್ಣೆ ಬೇರೆಯಾಗಿರುವುದರಿಂದ ತೆಳು ಮಿಶ್ರಣ ಕೂಡಲೇ ಪಿಸ್ಟನ್ನನ್ನು ಹಿಡಿಯದು. ನಿಧಾನವಾಗಿ ವಾಲ್ವುಗಳನ್ನು ಸುಡುತ್ತದೆ.

೨೦೨೦ರ ಏಪ್ರಿಲಿನಲ್ಲಿ ಹೊಗೆಯ ಹೊಸ ಕಟ್ಟಳೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು. ೨೦೧೮ರಲ್ಲಿ ಬೇರೆ ಸಂಸ್ಥೆಯೊಂದು ಮತ್ತೆ ಹೊರತಂದ ಜಾವಾ ಗಾಡಿಗಳಲ್ಲಿಯೂ ಪೆಟ್ರೋಲನ್ನು ಅಳೆದು ಚಿಮ್ಮಿಸುವುದು ಒಂದು ಗಣಕಯಂತ್ರ. ಹೀಗಾಗಿ ಈ ಕೆಲಸ ಬಲ್ಲ ಮೆಕ್ಯಾನಿಕ್ಕುಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ನಿಮ್ಮ ಬೀದಿಯಲ್ಲಿ ಅಂಥ ಹಿರಿಯರೊಬ್ಬರು ಇದ್ದರೆ, ಮೊದಲ ಸಲ ಬಿಚ್ಚುವಾಗ ಅವರನ್ನು ಕರೆದು ಕೂರಿಸಿಕೊಳ್ಳಿ, ಕಾಫಿ ಕೊಡಿ, ಸ್ಪ್ಯಾನರು ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಕೆಲಸ ಮುಗಿದ ಮೇಲೆ ಗಾಡಿಯನ್ನು ನಿಲ್ಲಿಸುವ ಕ್ರಮವೂ ಒಂದಿದೆ. ಮನೆ ಇನ್ನೊಂದು ಫರ್ಲಾಂಗು ಇದೆಯೆನ್ನುವಾಗ ಕಾಕನ್ನು ಮುಚ್ಚಿ. ಗೇಟಿನೊಳಗೆ ಬಂದು ನಿಂತ ಮೇಲೆ, ಕೋಣೆಯಲ್ಲಿ ಉಳಿದದ್ದೂ ಮುಗಿದು ಇಂಜಿನ್ನು ತಾನಾಗಿ ನಿಲ್ಲುವವರೆಗೆ ಐಡ್ಲಿಂಗಿನಲ್ಲಿ ಬಿಡಿ. ತಿಂಗಳಿಗಿಂತ ಹೆಚ್ಚು ಓಡಿಸುವುದಿಲ್ಲವೆಂದಾದರೆ ಟ್ಯಾಂಕನ್ನೂ ಬರಿದು ಮಾಡಿ. ತೆಗೆದ ಪೆಟ್ರೋಲಿನಲ್ಲಿ ಎಣ್ಣೆಯಿರುವುದರಿಂದ ಅದನ್ನು ಕಾರಿಗೆ ಸುರಿಯಬಾರದು; ಬಾಯಿ ಬಿಗಿಯಾದ ಲೋಹದ ಡಬ್ಬಿಯಲ್ಲಿ, ನೆರಳಿನಲ್ಲಿ, ಮಕ್ಕಳ ಕೈಗೆಟುಕದಂತೆ ಇಟ್ಟು, ಕೆಲವು ವಾರಗಳೊಳಗೆ ಟೂ-ಸ್ಟ್ರೋಕ್ ಗಾಡಿ ಇಟ್ಟುಕೊಂಡಿರುವ ಯಾರಿಗಾದರೂ ಕೊಟ್ಟುಬಿಡಿ.